ಛತ್ರಿ ಬಟ್ಟೆಯ ಲಂಗ

ರಾಯಚರ್ಲಿನ ಆಂಜಿನಮ್ಮ ತನ್ನನ್ನು ಆಡಿಕೊಳ್ಳುವ ಅವಕಾಶವನ್ನು ಎಂದೂ ಬೇರೆಯವರಿಗೆ ಬಿಟ್ಟುಕೊಟ್ಟವಳಲ್ಲ. ಯಾರಾದರೂ ಬಾಯಿ ತೆರೆಯುವ ಮೊದಲೇ ತಾನೇ ಶುರುಮಾಡಿ, ತಾನೇ ಮುಗಿಸಿ, ತಾನೇ ಮೊದಲು ನಗುತ್ತಿದ್ದಳು.

"ನಮ್ಮ ಮಾವ ಹೆಣ್ಣು ನೋಡಾಕೆ ಬಂದಾಗ ಕರೆಂಟ್ ಹೋಗಿತ್ತು ಕಣ್ರೇ, ಅದಕ್ಕೇ ನಾನು ಈ ಊರು ಸೇರ್ದೆ. ಈಗ ಊರಿಗೆ ಊರೇ ಕರೆಂಟ್ ಮಾಡ್ತೈತೆ. ಬೊಮ್ಮಪ್ಪ ಬೆಳಕಲ್ಲಿ ನನ್ ಮುಖ ನೋಡ್ಕಂಡು ದಿನಾ ಕೊರಗ್ತಾನೆ" ಎಂದು ಗಂಡನ ಎದುರೇ ಹೇಳುತ್ತಿದ್ದಳು. ಬೊಮ್ಮಪ್ಪ ಇನ್ನೊಂದು ಬೀಡಿ ಹಚ್ಚಿಕೊಳ್ಳುತ್ತಿದ್ದ.

ಮೊನ್ನೆ ಮಾಘದಲ್ಲಿ ಬೆಳಿಗ್ಗೆ ಮುದ್ದೆ ತೊಳಸುತ್ತಿದ್ದವಳು ಎದೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತಳು. ಮತ್ತೆ ಏಳಲಿಲ್ಲ. ಒಲೆಯ ಮೇಲಿನ ಹಿಟ್ಟು ಅರ್ಧ ಬೆಂದಿತ್ತು. ಅವಳ ಬಗ್ಗೆ ಹೇಳಿಕೊಳ್ಳಲು ಊರಿನಲ್ಲಿ ಬೇಕಾದಷ್ಟು ಕಥೆಗಳಿವೆ. ಅವುಗಳಲ್ಲಿ ಒಂದನ್ನು ಮಾತ್ರ ಜನ ಅರ್ಧ ಹೇಳಿ, ಹೆಂಗಸರ ಮುಖ ನೋಡಿ ನಿಲ್ಲಿಸಿಬಿಡುತ್ತಾರೆ. ಬದುಕಿದ್ದಾಗ ಆ ಕಥೆಯನ್ನು ಅವಳೇ ಎಲ್ಲರೆದುರು ಪೂರ್ತಿ ಹೇಳುತ್ತಿದ್ದಳು. ಈಗ ಹೇಳುವವಳಿಲ್ಲ. ಆದ್ದರಿಂದ ಯಾರಾದರೂ ಬರೆಯಬೇಕಾಗಿದೆ.

ಆಂಜಿನಮ್ಮನದು ಹುಲ್ಲು ಕೀಳುವ ಕೆಲಸ. ಊರಿನ ಸುತ್ತ ಸೋಲಾರ್ ಪ್ಲೇಟುಗಳು ಬಂದ ಮೇಲೆ ಬೊಮ್ಮಪ್ಪನ ಹೊಲವೂ ಗುತ್ತಿಗೆಗೆ ಹೋಯಿತು. ಹುಲ್ಲು ಬೆಳೆದು ಪ್ಲೇಟಿನ ಮೇಲೆ ನೆರಳು ಬಿದ್ದರೆ ಕರೆಂಟು ಕಡಿಮೆಯಾಗುತ್ತದಂತೆ. ಹಾಗಾಗಿ ಕಳೆ ತೆಗೆಯಲು ಊರಿನ ಹೆಂಗಸರದೇ ಒಂದು ಗುಂಪು ಕಟ್ಟಿದರು. ಆಂಜಿನಮ್ಮನಿಗೆ ತನ್ನ ಹೊಲದಲ್ಲೇ ಕಳೆ ಕೀಳುವ ಕೆಲಸ ಸಿಕ್ಕಿತು. "ಮದ್ಲೂ ಇದೇ ಮಾಡ್ತಿದ್ದೆ, ಈಗ್ಲೂ ಇದೇ ಮಾಡ್ತೀನಿ. ಈಗ ತಲೆಗೆ ಹಳದಿ ಟೋಪಿ ಕೊಟ್ಟವ್ರೆ, ಅಷ್ಟೇ ಪ್ರಮೋಷನ್ನು" ಅನ್ನುತ್ತಿದ್ದಳು.

ಆದರೆ ಮೊದಲಿನದಕ್ಕೂ ಈಗಿನದಕ್ಕೂ ಒಂದು ವ್ಯತ್ಯಾಸವಿತ್ತು. ಮೊದಲು ಅಲ್ಲಿ ಕಡಲೆಕಾಯಿಯ ನಡುವೆ ಎದೆಮಟ್ಟ ತೊಗರಿ ಸಾಲಿರುತ್ತಿತ್ತು, ಬದುವಿನಲ್ಲಿ ಜಾಲಿಗಿಡ, ಮೂಲೆಯಲ್ಲೊಂದು ಹೊಂಗೆ ಮರ. ಹೆಣ್ಣಿಗೆ ಕೂರಬೇಕೆನಿಸಿದರೆ ಮರೆ ಹುಡುಕಬೇಕಾಗಿರಲಿಲ್ಲ. ಈಗ ನೆಲವನ್ನು ತಟ್ಟೆಯ ಹಾಗೆ ಸಮ ಮಾಡಿದ್ದರು. ಪ್ಲೇಟಿನ ಕೆಳಗೆ ಬಗ್ಗಿದರೆ ಈ ತುದಿಯಿಂದ ಆ ತುದಿಯಲ್ಲಿ ಓಡಾಡುವವರ ಕಾಲು ಕಾಣುತ್ತಿತ್ತು. ಅಲ್ಲಲ್ಲಿ ಕಂಬದ ಮೇಲೆ ಕ್ಯಾಮೆರಾ. ಶೌಚಾಲಯ ಇದ್ದದ್ದು ದೂರದ ಗೇಟಿನ ಪಕ್ಕ, ಆಫೀಸಿನವರಿಗೆ. ಹೋಗಿ ಬರುವುದರಲ್ಲಿ ಒಂದು ಸಾಲು ಹುಲ್ಲು ಕಿತ್ತು ಮುಗಿಸಬಹುದಿತ್ತು. ಹೋದರೂ ಅಲ್ಲಿ ಸೆಕ್ಯೂರಿಟಿಯವನು ಕುರ್ಚಿ ಹಾಕಿಕೊಂಡು ಬಾಗಿಲನ್ನೇ ನೋಡುತ್ತಾ ಕೂತಿರುತ್ತಿದ್ದ.

ಹೆಂಗಸರು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸುಲಭದ್ದು. ನೀರು ಕುಡಿಯುವುದನ್ನೇ ಬಿಟ್ಟರು. ಪಾವಗಡದ ಬಿಸಿಲಿನಲ್ಲಿ, ಕಾದ ಪ್ಲೇಟುಗಳ ನಡುವೆ, ಬೆಳಗಿನಿಂದ ಸಂಜೆಯವರೆಗೆ ನಾಲಿಗೆ ಒದ್ದೆ ಮಾಡಿಕೊಳ್ಳುವಷ್ಟೇ ನೀರು. ಈ ವಿದ್ಯೆಯಲ್ಲೂ ಆಂಜಿನಮ್ಮನೇ ಮುಂದು. "ನಾನು ಒಂಟೆ ಕಣ್ರೇ. ಡುಬ್ಬ ಒಂದು ಕಮ್ಮಿ" ಎಂದು ಮೆರೆಯುತ್ತಿದ್ದಳು.

ಮೆರೆದದ್ದು ಒಂದು ಯುಗಾದಿಯವರೆಗೆ. ಹಬ್ಬದ ಮಾರನೆಯ ದಿನ ಚಳಿಜ್ವರ ಬಂತು, ಸೊಂಟ ಹಿಡಿಯಿತು, ಒಂದಕ್ಕೆ ಹೋದರೆ ಮೆಣಸಿನಕಾಯಿ ಹಚ್ಚಿದಷ್ಟು ಉರಿ. ಪಾವಗಡದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ, ಬಾಟಲಿ ಏರಿಸಿ, ಕೊನೆಗೆ ಬೈದರು.

"ದಿನಕ್ಕೆ ಮೂರು ಲೀಟರ್ ನೀರು ಕುಡೀಬೇಕು. ಹೀಗೇ ಮಾಡ್ತಾ ಇದ್ರೆ ಕಿಡ್ನಿ ಕೈಕೊಡ್ತದೆ, ಆಮೇಲೆ ನನ್ನ ಹತ್ರ ಬರಬೇಡಿ."

"ಕುಡಿಯಾದು ಕಷ್ಟ ಅಲ್ಲ ತಾಯಿ. ಕುಡಿದಿದ್ದನ್ನ ಏನ್ ಮಾಡ್ಲಿ?"

"ಏನ್ ಮಾಡೋದು ಅಂದ್ರೆ? ಹೋಗೋದು."

"ಎಲ್ಲಿಗೆ?"

ಡಾಕ್ಟರಮ್ಮನಿಗೆ ಅದಕ್ಕೆ ಮಾತ್ರೆ ಬರೆದುಕೊಡಲು ಆಗಲಿಲ್ಲ.

ಕೆಲಸ ಬಿಡುವ ಮಾತನ್ನು ಬೊಮ್ಮಪ್ಪ ಒಮ್ಮೆ ಎತ್ತಿದ. ಆಂಜಿನಮ್ಮ ಅವನನ್ನು ನೋಡಿದ ನೋಟಕ್ಕೆ ಬೀಡಿ ಆರಿಹೋಯಿತು. ಆ ಹೊಲವನ್ನು ಬಿಟ್ಟು ಮನೆಯಲ್ಲಿ ಕೂತರೆ ಅವಳು ಕಿಡ್ನಿಗಿಂತ ಮೊದಲೇ ಹೋಗುತ್ತಿದ್ದಳು. ಹಾಗೆ, ನೀರು ಕುಡಿದೂ ಕೆಲಸದಲ್ಲಿರುವುದು ಹೇಗೆ ಎಂಬ ಪ್ರಶ್ನೆ ಅವಳ ತಲೆಗೆ ಗಂಟುಬಿತ್ತು.

ಹಳೆಯ ಕಾಲದ ಒಂದು ದಾರಿ ಇತ್ತು. ಅವಳ ಅತ್ತೆ ಹನುಮಕ್ಕ ಆ ದಾರಿಯಲ್ಲಿ ಪಳಗಿದವಳು. ನಿಂತಲ್ಲೇ ಕಾಲು ಅಗಲಿಸಿ, ಸೀರೆಯನ್ನು ಎರಡು ಕೈಯಲ್ಲಿ ಒಂದಿಷ್ಟು ಮುಂದಕ್ಕೆಳೆದುಕೊಂಡು, ದಾರಿಯಲ್ಲಿ ಹೋಗುವವರನ್ನು "ಊಟ ಆಯ್ತೇನಪ್ಪಾ" ಎಂದು ಮಾತಾಡಿಸುತ್ತಲೇ ಕೆಲಸ ಮುಗಿಸುತ್ತಿದ್ದಳು. ಮಾತಾಡಿಸಿಕೊಂಡವನಿಗೆ ಗೊತ್ತೇ ಆಗುತ್ತಿರಲಿಲ್ಲ. ಸೊಸೆಯಾಗಿ ಬಂದ ಹೊಸತರಲ್ಲಿ ಇದನ್ನು ನೋಡಿ ಆಂಜಿನಮ್ಮ ಮೂಗು ಮುರಿದಿದ್ದಳು. ಅವಳೋ ಚಪ್ಪಲಿಯನ್ನೂ ಸೋಪು ಹಾಕಿ ತೊಳೆದಿಡುವವಳು. ಎಮ್ಮೆಗೆ ಸ್ನಾನ ಮಾಡಿಸಿ ಅದರ ಬಾಲ ಒರೆಸುವವಳು.

ಈಗ ಅತ್ತೆ ನೆನಪಾದಳು. ಒಂದು ದಿನ ಅವಳಂತೆಯೇ ಪ್ರಯತ್ನಪಟ್ಟಳು. ಲಂಗ ಒದ್ದೆಯಾಗಿ ಕಾಲಿಗೆ ಅಂಟಿತು. ಲಂಗದಿಂದ ಸೀರೆಗೆ ಹತ್ತಿತು, ಹಿಂದೆ ಕಲೆ ಮೂಡಿತು. ಸಂಜೆಯವರೆಗೂ ಯಾರ ಪಕ್ಕಕ್ಕೂ ಹೋಗದೆ, ಬೆನ್ನನ್ನು ಬಿಸಿಲಿಗೆ ಹಿಡಿದು ಕೆಲಸ ಮಾಡಿದಳು. ಮನೆಗೆ ಬಂದವಳು ಬಚ್ಚಲಿನಿಂದ ಹೊರಬರಲು ಎಷ್ಟು ಹೊತ್ತಾಯಿತೆಂದರೆ ಹಂಡೆಯ ನೀರು ಖಾಲಿಯಾಗಿ ಬೊಮ್ಮಪ್ಪ ಕೈಕಾಲು ತೊಳೆಯದೆ ಉಂಡ.

ಮರುದಿನ ಸಂಜೆ ಶಿವಲಕ್ಷ್ಮಿಯ ಮನೆಗೆ ಬಂದಳು.

ಶಿವಲಕ್ಷ್ಮಿ ಮಧುಗಿರಿಯ ಕೋಟೆ ಬುಡದ ಮನೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಹಗಲು ಪಂಚಾಯಿತಿ ಗ್ರಂಥಾಲಯ, ಸಂಜೆ ಹೊಲಿಗೆ ಮಿಷನ್. ಗ್ರಂಥಾಲಯಕ್ಕೆ ಬೇರೆ ಯಾರೂ ಬರದ ಕಾರಣ ಅಲ್ಲಿದ್ದ ಪುಸ್ತಕವನ್ನೆಲ್ಲ ಅವಳೇ ಓದಿದ್ದಳು. ಓದಿದ್ದನ್ನು ಕೇಳಿಸಿಕೊಳ್ಳುವವರಿಲ್ಲದೆ ರವಿಕೆ ಅಳತೆಗೆ ಬಂದವರ ಮೇಲೆ ಸುರಿಯುತ್ತಿದ್ದಳು. ತೋಳಿನ ಅಳತೆ ಕೊಡಲು ಬಂದವರು ಗ್ರಹಣದ ವಿಚಾರ ತಿಳಿದುಕೊಂಡು ಹೋಗಬೇಕಿತ್ತು. ಅವಳ ಮಾತನ್ನು ಕೊನೆಯವರೆಗೆ ಕೇಳುತ್ತಿದ್ದವಳು ಊರಿನಲ್ಲಿ ಒಬ್ಬಳೇ, ಆಂಜಿನಮ್ಮ. ಕೇಳಿ, ಕೊನೆಗೆ, "ಎಲ್ಲಾ ಸರಿ ಕಣೇ ಶಿವೂ, ನನ್ ರವಿಕೆ ಎಲ್ಲಿ?" ಅನ್ನುತ್ತಿದ್ದಳು.

"ಲೇ ಶಿವೂ, ನೀರು ಹಿಡೀದ ಲಂಗ ಹೊಲ್ಕೊಡು."

"ಯಾಕಕ್ಕ, ಮಳೆಗಾ?"

"ಮಳೆ ಮೇಲಿಂದ ಬರ್ತೈತೆ. ನನ್ದು ಒಳಗಿಂದ."

ವಿಷಯ ಕೇಳಿ ಶಿವಲಕ್ಷ್ಮಿ ನಗಲಿಲ್ಲ. ನಗುವ ಬದಲು ಇನ್ನೂ ಕೆಟ್ಟದ್ದು ಮಾಡಿದಳು: ಉಪನ್ಯಾಸ ಕೊಟ್ಟಳು. ಹತ್ತಿಯ ಎಳೆ ನೀರನ್ನು ಹೇಗೆ ಹೀರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಹೇಗೆ ಮೇಲೇರುತ್ತದೆ, ತಾವರೆ ಎಲೆಯ ಮೇಲೆ ಹನಿ ಯಾಕೆ ನಿಲ್ಲುವುದಿಲ್ಲ. ಆಂಜಿನಮ್ಮ ಕೇಳಿದಳು. "ಅಂಗಾದ್ರೆ ತಾವರೆ ಎಲೇಲೇ ಲಂಗ ಹೊಲಿ" ಎಂದಳು.

ಮೊದಲ ಲಂಗ ಫ್ಲೆಕ್ಸಿನದು. ಅದರ ಹಿಂದಿನ ವರ್ಷ ಯಾವನೋ ಮರಿ ಲೀಡರನ ಹುಟ್ಟುಹಬ್ಬಕ್ಕೆ ಬಸ್‌ಸ್ಟಾಂಡಿನಲ್ಲಿ ಕಟ್ಟಿದ್ದ ಬ್ಯಾನರು ಆಂಜಿನಮ್ಮನ ಹುಲ್ಲಿನ ಬಣವೆಯ ಮೇಲಿತ್ತು. ನೀರು ಒಂದು ಹನಿಯೂ ಇಳಿಯದ ಮಾಲು. ಶಿವಲಕ್ಷ್ಮಿ ಅದನ್ನೇ ಕತ್ತರಿಸಿ ಲಂಗದ ಒಳಗೆ ಸೇರಿಸಿ ಹೊಲಿದಳು. ಆಂಜಿನಮ್ಮ ಅದನ್ನುಟ್ಟು ತನ್ನ ಹಿತ್ತಲಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಒಣಗಿದ ಜೋಳದ ಸೊಪ್ಪಿನೊಳಗೆ ದನ ನುಗ್ಗಿದ ಸದ್ದು. ಬೊಮ್ಮಪ್ಪ ಒಳಗಿಂದ "ಹೈ! ಹೈ!" ಎಂದು ಕೋಲು ಹಿಡಿದು ಓಡಿಬಂದ.

"ನೋಡಿದ್ಯಾ, ಕಟ್ಕಂಡವ್ನೇ ದನ ಅಂದ" ಎಂದು ಆಂಜಿನಮ್ಮ ನಕ್ಕಳು. ಮೇಲಾಗಿ ಕೂರಲು ಹೋದರೆ ಅದು ಮಡಚುತ್ತಿರಲಿಲ್ಲ. ಲೀಡರನ ಮುಗುಳ್ನಗುವ ಮುಖ ಹಿಂಭಾಗಕ್ಕೇ ಬಂದಿತ್ತು. "ಇವ್ನ ಮೇಲೆ ಹುಯ್ಯಾಕೆ ಊರಲ್ಲಿ ಆಸೆ ಇರೋರು ಬೇಕಾದಷ್ಟು ಜನ ಅವ್ರೆ. ಆ ಪುಣ್ಯ ನನ್ಗೊಬ್ಬಳಿಗೇ ಬ್ಯಾಡ ಬುಡು" ಎಂದು ಬಿಚ್ಚಿಕೊಟ್ಟಳು.

ಎರಡನೆಯದು ಪೂರ್ತಿಯಾಗಿ ಶಿವಲಕ್ಷ್ಮಿಯ ಓದಿನ ಫಲ. ಹಿಂದೆ ಹಡಗಿನವರು ಬಟ್ಟೆಗೆ ಎಣ್ಣೆ ಕುಡಿಸಿ ಒಣಗಿಸಿ ಮಳೆಗೆ ತೊಡುತ್ತಿದ್ದರೆಂದು ಅವಳು ಯಾವುದೋ ಪುಸ್ತಕದಲ್ಲಿ ಓದಿದ್ದಳು. ಅದು ಅಗಸೆ ಎಣ್ಣೆ. ರಾಯಚರ್ಲಿನಲ್ಲಿ ಇರುವುದು ಕಡಲೆಕಾಯಿ ಎಣ್ಣೆ. ಎಣ್ಣೆ ಎಣ್ಣೆಯೇ ತಾನೆ ಎಂದು ಧೈರ್ಯ ಮಾಡಿದರು. ಗಾಣದಿಂದ ತಂದ ಎಣ್ಣೆಯನ್ನು ಬಟ್ಟೆಗೆ ತಿಕ್ಕಿ ತಿಕ್ಕಿ ಕುಡಿಸಿ ಮಾಳಿಗೆಯ ಮೇಲೆ ಒಣಹಾಕಿದರು. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಎಷ್ಟು ದಿನವಾದರೂ ಎಣ್ಣೆಯಾಗಿಯೇ ಇರುತ್ತದೆ ಎಂಬುದು ಅದೇ ಪುಸ್ತಕದ ಮುಂದಿನ ಪುಟದಲ್ಲಿತ್ತು. ಶಿವಲಕ್ಷ್ಮಿ ಆ ಪುಟ ತಿರುವಿದ್ದು ಆಮೇಲೆ.

ಆಂಜಿನಮ್ಮ ಅದನ್ನುಟ್ಟು ಕೆಲಸಕ್ಕೆ ಹೋದಳು. ಬೆಳಗಿನ ಹೊತ್ತು ಚೆನ್ನಾಗಿಯೇ ಇತ್ತು. ಬಿಸಿಲು ಏರಿದಂತೆ ಮೈಯೆಲ್ಲ ಒಗ್ಗರಣೆಯ ವಾಸನೆ. "ಯಾರೇ ಬೋಂಡಾ ತಂದಿರಾದು?" ಎಂದು ಗುಂಪಿನ ಚಿಕ್ಕಹನುಮಕ್ಕ ಮೂಗರಳಿಸಿ ಕೇಳಿದಳು. ಊಟಕ್ಕೆ ಕೂತು ಎದ್ದರು. ಅಷ್ಟರಲ್ಲಿ ಕೆಂಜಿಗ ಇರುವೆಯ ಗೂಡಿಗೆ ಸುದ್ದಿ ಮುಟ್ಟಿತ್ತು. ಮೊದಲ ಕಡಿತಕ್ಕೆ ಆಂಜಿನಮ್ಮ ಹಾರಿದಳು, ಎರಡನೆಯದಕ್ಕೆ ಕೂಗಿದಳು, ಆಮೇಲೆ ಕಡಿತಗಳನ್ನು ಬಿಡಿಬಿಡಿಯಾಗಿ ಹೇಳಲಾಗದು. ಕೂದಲು ಬಿಚ್ಚಿಹೋಗಿ, ಟೋಪಿ ಹಾರಿಹೋಗಿ, ಕೈಕಾಲು ಒದರುತ್ತಾ ಸಾಲಿನ ಉದ್ದಕ್ಕೂ ಕುಣಿದಳು.

ಮೇಸ್ತ್ರಿ ರಾಮಾಂಜನೇಯ ಓಡಿಬಂದ. ಆಂಧ್ರ ಗಡಿಯ ಕಡೆಯವನು, ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು, ಹೆದರಿಕೆಯ ಪ್ರಾಣಿ. ಅವಳನ್ನು ನೋಡಿದವನೇ ಚಪ್ಪಲಿ ಬಿಟ್ಟು ಕೈಮುಗಿದ.

"ಅಮ್ಮವಾರು ವಚ್ಚಿಂದಿ! ದೇವರು ಬಂದೈತೆ! ನಿಂಬೆಹಣ್ಣು ಯಾಡುಂದಿ, ನಿಂಬೆಹಣ್ಣು ತಗಂಡ್ ಬರ್ರಮ್ಮಾ!"

ಲಂಗ ಬಿಚ್ಚಿ ತೋರಿಸುವುದಕ್ಕಿಂತ ದೇವರಾಗುವುದೇ ವಾಸಿ ಎಂದು ಆಂಜಿನಮ್ಮನಿಗೆ ಆ ಉರಿಯಲ್ಲೂ ಹೊಳೆಯಿತು. "ಹೂಂ!" ಎಂದು ಗುಡುಗಿದಳು. "ಗಂಡಸ್ರು ಯಾರೂ ಇಲ್ಲಿ ನಿಲ್ಬ್ಯಾಡ್ರಿ! ಹೋಗ್ರಿ!" ರಾಮಾಂಜನೇಯ ಹಿಂದೆ ನೋಡದೆ ಓಡಿದ. ಹೆಂಗಸರು ಅವಳನ್ನು ಸುತ್ತುವರಿದು ಲಂಗ ಕಳಚಿ ಕೆಂಜಿಗ ಒದರಿದರು. ಆವತ್ತಿನಿಂದ ಆ ಮೇಸ್ತ್ರಿ ಅವಳನ್ನು ಬಹುವಚನದಲ್ಲಿ ಮಾತಾಡಿಸತೊಡಗಿದ.

ಗುಟ್ಟು ಗುಂಪಿಗೆ ಗೊತ್ತಾದದ್ದೂ ಆವತ್ತೇ. ಯಾರೂ ಹೀಯಾಳಿಸಲಿಲ್ಲ. ಚಿಕ್ಕಹನುಮಕ್ಕ, "ಅದು ಸರಿಯಾದ್ರೆ ನನ್ಗೂ ಒಂದು" ಎಂದಳು.

ಮೂರನೆಯ ಲಂಗದ ದಾರಿ ತೋರಿಸಿದ್ದು ಸಿರಾದ ಬಸ್‌ಸ್ಟಾಂಡು. ಆಂಜಿನಮ್ಮನ ಅಣ್ಣ ಅಡವಯ್ಯನ ಊರು ತಾವರೆಕೆರೆ. ಅಲ್ಲಿಗೆ ಹೋಗಿ ಬರುವಾಗ ಶಿವಲಕ್ಷ್ಮಿಯೂ ಜೊತೆಗಿದ್ದಳು. ಬಸ್ಸಿಗೆ ಕಾಯುತ್ತಿದ್ದಾಗ ಛತ್ರಿ ರಿಪೇರಿಯ ಸಾಬರು ಹರಿದ ಛತ್ರಿಯ ಬಟ್ಟೆಯನ್ನು ಕಡ್ಡಿಯಿಂದ ಬಿಡಿಸುತ್ತಾ ಕೂತಿದ್ದರು. ತೆಳ್ಳಗೆ, ಕಪ್ಪಗೆ, ಮಡಚಿದರೆ ಮುಷ್ಟಿಯೊಳಗೆ. ಆಂಜಿನಮ್ಮ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಸದ್ದಿಲ್ಲ. ಮೂಸಿ ನೋಡಿದಳು. ಎಣ್ಣೆಯಿಲ್ಲ.

"ಸಾಬ್ರೇ, ಇಂಥವು ಎಷ್ಟವೆ?"

"ಕಡ್ಡಿ ಬ್ಯಾಡ್ವಾ ಅಮ್ಮಾ? ಖಾಲಿ ಬಟ್ಟೆ ತಗಂಡು ಏನ್ ಮಾಡ್ತೀರಿ?"

"ಉಡ್ತೀನಿ."

"ಯಾ ಅಲ್ಲಾ" ಎಂದು ಸಾಬರು ಇದ್ದದ್ದನ್ನೆಲ್ಲ ಕಟ್ಟಿಕೊಟ್ಟರು.

ಛತ್ರಿ ಬಟ್ಟೆ ತ್ರಿಕೋನ ತ್ರಿಕೋನವಾಗಿರುತ್ತದೆ. ಜೋಡಿಸಿದರೆ ತಾನೇ ಲಂಗದ ಆಕಾರಕ್ಕೆ ಬರುತ್ತದೆ, ಮೇಲೆ ಸಣ್ಣದು, ಕೆಳಗೆ ಅಗಲ. ಶಿವಲಕ್ಷ್ಮಿ ಅದನ್ನು ಹತ್ತಿ ಲಂಗದ ಒಳಗೆ ಸೇರಿಸಿ, ಕೆಳಗಿನ ಅಂಚನ್ನು ಸಡಿಲ ಬಿಟ್ಟು, ಹೊಲಿಗೆಯ ಮೇಲೆಲ್ಲ ಮೇಣದಬತ್ತಿ ಉಜ್ಜಿದಳು. ಸೂಜಿಯ ತೂತಿನಿಂದ ನೀರು ಜಿನುಗುತ್ತದೆಂದು ಈ ಸಲ ಮುಂದಿನ ಪುಟವನ್ನೂ ಓದಿದ್ದಳು. ಹಿತ್ತಲಲ್ಲಿ ಚೊಂಬು ಚೊಂಬು ನೀರು ಸುರಿದು ನೋಡಿದರು. ನೀರು ಕಪ್ಪು ಬಟ್ಟೆಯ ಮೇಲೆ ಹನಿಹನಿಯಾಗಿ ಜಾರಿ ನೆಲಕ್ಕೆ ಇಳಿಯಿತು. ಒಮ್ಮೆ ಒದರಿದರೆ ಒಣಗಿತು. ಹೊರಗಿನ ಲಂಗ ಹಾಗೇ ಇತ್ತು, ಸೀರೆಗೆ ಏನೂ ಆಗಲಿಲ್ಲ.

ಚೊಂಬಿನ ನೀರು ಬೇರೆ, ನಿಜವಾದ ಪರೀಕ್ಷೆ ಬೇರೆ. ಮರುದಿನ ಆಂಜಿನಮ್ಮ ಪ್ಲೇಟುಗಳ ನಡುವೆ ಕುಡುಗೋಲು ಹಿಡಿದು ನಿಂತಳು. ನೀರು ಕುಡಿದಿದ್ದಳು, ಹೊಟ್ಟೆ ಬಿಗಿದಿತ್ತು, ಆದರೆ ಮೈ ಕೇಳಲಿಲ್ಲ. ಹುಟ್ಟಿದಾಗಿನಿಂದ ಬಟ್ಟೆ ಒದ್ದೆಯಾಗಬಾರದೆಂದು ಕಲಿತ ಮೈ ಅದು. ಬೇಕೆಂದೇ ಬಿಡು ಎಂದರೆ ಬಿಡುವುದೇ? ಅತ್ತೆಯನ್ನು ನೆನೆದಳು. ಕೊನೆಗೆ ಅತ್ತೆಯ ಮಂತ್ರವೇ ಬೇಕಾಯಿತು. ದೂರದಲ್ಲಿ ಹೋಗುತ್ತಿದ್ದ ಚಿಕ್ಕಹನುಮಕ್ಕನನ್ನು ಕೂಗಿ, "ಊಟ ಆಯ್ತೇನಮ್ಮೀ?" ಎಂದಳು.

"ಇನ್ನೂ ಒಂಬತ್ ಗಂಟೆ ಕಣಕ್ಕ, ಯಾವ ಊಟ?" ಎಂದು ಅವಳು ಅನ್ನುವಷ್ಟರಲ್ಲಿ ಆಗಿಹೋಗಿತ್ತು. ಒಣ ಮಣ್ಣು ಹೀರಿಕೊಂಡಿತು. ಆಂಜಿನಮ್ಮ ಒಮ್ಮೆ ಒದರಿ, ಎರಡು ಹೆಜ್ಜೆ ಮುಂದೆ ಬಂದು, ಹಿಂದೆ ತಿರುಗಿ ನೋಡಿದಳು. ಆಮೇಲೆ ಚೀಲದಿಂದ ಕ್ಯಾನು ತೆಗೆದು ಎಲ್ಲರೆದುರು ಗಟಗಟನೆ ನೀರು ಕುಡಿದಳು. "ಅಷ್ಟು ವರ್ಷದ ಮೇಲೆ ಆವತ್ತು ನೀರು ರುಚಿ ಅನ್ನಿಸ್ತು ಕಣೇ" ಎಂದು ಸಂಜೆ ಶಿವಲಕ್ಷ್ಮಿಗೆ ಹೇಳಿದಳು. ಅಷ್ಟು ಹೇಳುವಾಗ ಮಾತ್ರ ನಗಲಿಲ್ಲ.

ಮಳೆಗಾಲ ಬರುವ ಹೊತ್ತಿಗೆ ಗುಂಪಿಗೆಲ್ಲ ಛತ್ರಿ ಲಂಗ ಬಂತು. ನೀರಿನ ಕ್ಯಾನುಗಳು ದೊಡ್ಡದಾದವು. ಒಂದೇ ತೊಂದರೆ ಉಳಿದಿತ್ತು. ಒಬ್ಬಳು ಕದಲದೆ ನಿಂತಾಗ ರಾಮಾಂಜನೇಯ "ಯಾಕಮ್ಮಾ ನಿಂತ್ಬುಟ್ಟೆ?" ಎಂದು ಹತ್ತಿರ ಬಂದುಬಿಡುತ್ತಿದ್ದ. ಅದಕ್ಕೂ ಆಂಜಿನಮ್ಮನೇ ಉಪಾಯ ಹೇಳಿಕೊಟ್ಟಳು. ನಿಂತವಳು ನೆಲ ನೋಡುತ್ತಾ "ಹಾವು" ಅನ್ನಬೇಕು, ಅಷ್ಟೇ. ಹೊಲದಲ್ಲಿ ಹಾವು ಕಂಡರೆ ಯಾರೂ ಅಲುಗುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಮಾತು. ರಾಮಾಂಜನೇಯನಂತೂ "ಪಾಮಾ! ವದ್ದಮ್ಮಾ!" ಎಂದು ಎರಡು ಸಾಲು ಆಚೆ ಹಾರುತ್ತಿದ್ದ.

ಉಪಾಯ ಅತಿಯಾಗಿ ಕೆಲಸ ಮಾಡಿತು. ಹೆದರಿದ ರಾಮಾಂಜನೇಯ ಪ್ರತಿ ಹಾವನ್ನೂ ಆಫೀಸಿಗೆ ಫೋನು ಮಾಡಿ ತಿಳಿಸುತ್ತಿದ್ದ. ಆಫೀಸಿನವರು ಹಾವು ಹಿಡಿಯುವವನನ್ನು ಕರೆಸಿದರು. ಅವನು ಹಗಲೆಲ್ಲ ಹುಡುಕಿ ಒಂದು ಓತಿಕ್ಯಾತ ಹಿಡಿದುಕೊಟ್ಟು ಹೋದ. ಮಾರನೆಯ ದಿನ ಮತ್ತೆ ಅಷ್ಟೇ ಹಾವು. ಕೊನೆಗೆ, ಇಷ್ಟು ಹಾವಿರುವ ಜಾಗದಲ್ಲಿ ಹೆಂಗಸರ ಜೀವಕ್ಕೆ ಅಪಾಯ, ಸೋಮವಾರದಿಂದ ಗುಂಪು ಬೇಡ, ಟ್ರ್ಯಾಕ್ಟರಿನಲ್ಲಿ ಕಳೆನಾಶಕ ಹೊಡೆಸೋಣ ಎಂದು ತೀರ್ಮಾನವಾಯಿತು.

ಶನಿವಾರ ಊಟದ ಹೊತ್ತಿಗೆ ಈ ಸುದ್ದಿ ಬಂದಾಗ ಎಲ್ಲರೂ ಬುತ್ತಿ ಮುಚ್ಚಿಟ್ಟರು.

"ಹಾವಿಲ್ಲ ಅಂತ ಹೇಳ್ಬುಡಾಣ" ಎಂದಳು ಆಂಜಿನಮ್ಮ.

"ಹಾವಿಲ್ದಿದ್ರೆ ಮತ್ತೇನಿತ್ತು ಅಂತಾರೆ. ಏನ್ ಹೇಳ್ತೀಯಾ?" ಎಂದಳು ಚಿಕ್ಕಹನುಮಕ್ಕ. "ನನ್ ಮಗಳಿಗೆ ಗಂಡು ನೋಡ್ತಾ ಅವ್ರೆ ಕಣಕ್ಕ. ಊರ್ ತುಂಬಾ ಗೊತ್ತಾದ್ರೆ ಮಾನ ಉಳಿತೈತಾ?"

"ನಿಂದು ಉಳೀಲಿ. ನನ್ ಮಾನ ಹೆಂಗೂ ಹಳೇದು, ಹೊಲಿಗೆ ಬಿಟ್ಟೈತೆ."

ಅಷ್ಟೊತ್ತಿಗೆ ಜೀಪು ಬಂತು. ಇಳಿದದ್ದು ಇಂಜಿನಿಯರು ಹರ್ಷಿತಾ, ಕೊರಟಗೆರೆ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಪಕ್ಕದಲ್ಲಿ ರಾಮಾಂಜನೇಯ, ಕೈಯಲ್ಲಿ ಉದ್ದನೆಯ ಕೋಲು.

ಆಂಜಿನಮ್ಮ ಎದ್ದು ಮುಂದೆ ಹೋದಳು. "ಮೇಡಮ್ಮೋರೇ, ಇಲ್ಲಿ ಹಾವಿಲ್ಲ."

"ದಿನಾ ರಿಪೋರ್ಟ್ ಬರ್ತಾ ಇದೆಯಲ್ಲಮ್ಮ."

"ಅದು ನಾನು."

"ಏನು ನೀವು?"

"ಹಾವು ಅಂದಾಗೆಲ್ಲಾ ನಾನು ನಿಂತ್ಕಂಡು ಒಂದಕ್ಕೆ ಹೋಗ್ತಿದ್ದೆ."

ರಾಮಾಂಜನೇಯನ ಕೋಲು ಕೆಳಗಿಳಿಯಿತು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದದ್ದು ಮುಖದ ಮೇಲೆ ಕಾಣುತ್ತಿತ್ತು. "ಅದೆಂಗಮ್ಮಾ? ದಿನಕ್ಕೆ ಅಷ್ಟು ಹಾವು! ಎಲ್ಲಾ ನೀವೊಬ್ರೇನಾ?"

"ನಾನೊಬ್ಳೇ. ಡಾಕ್ಟ್ರು ಮೂರು ಲೀಟ್ರು ಅಂದವ್ರೆ."

"ಮೊನ್ನೆ ಈ ಮೂಲೆಲೊಂದು ಹಾವು, ಅದೇ ಟೈಮಿಗೆ ಆ ಮೂಲೆಲೊಂದು ಹಾವು..."

"ಓಡೋಗಿದ್ದೆ."

ಹಿಂದೆ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಹರ್ಷಿತಾ ಹೆಂಗಸರನ್ನೆಲ್ಲ ಒಮ್ಮೆ ನೋಡಿದಳು. ಎಲ್ಲರೂ ನೆಲ ನೋಡುತ್ತಿದ್ದರು, ಹಾವು ಕಂಡವರ ಹಾಗೆಯೇ. ಅವಳಿಗೆ ಅರ್ಥವಾಯಿತು. "ರಾಮಾಂಜನೇಯ, ನೀವು ಜೀಪ್ ಹತ್ರ ಇರಿ" ಎಂದಳು.

ಅವನು ಹೋದ ಮೇಲೆ ಕೇಳಿದಳು: "ಬಟ್ಟೆ ಒದ್ದೆ ಆಗಲ್ವಾ?"

ಆಂಜಿನಮ್ಮ ಪ್ಲೇಟಿನ ಮರೆಯಲ್ಲಿ ಸೀರೆಯ ಅಂಚು ಎತ್ತಿ ಲಂಗದ ಒಳಮೈ ತೋರಿಸಿದಳು. ಹರ್ಷಿತಾ ಬಗ್ಗಿ ಮುಟ್ಟಿ ನೋಡಿದಳು, ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ದನಿ ತಗ್ಗಿಸಿ, "ನಾನು ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಬಂದ್ರೆ ಸಂಜೆವರೆಗೂ ಏನೂ ಕುಡಿಯಲ್ಲಮ್ಮ. ಫೀಲ್ಡಲ್ಲಿ ನಾನೊಬ್ಬಳೇ ಹುಡುಗಿ. ನನಗೊಂದು ಮಾಡಿಸಿಕೊಡ್ತೀರಾ?" ಎಂದಳು.

ಆಂಜಿನಮ್ಮ ಅವಳ ಜೀನ್ಸ್ ಪ್ಯಾಂಟನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ನಿಜವಾದ ಮರುಕದಿಂದ ತಲೆಯಾಡಿಸಿದಳು. "ಇದಕ್ಕೇನೂ ಮಾಡಕ್ಕಾಗಾಕಿಲ್ಲ ಕಣಮ್ಮ. ಇದು ಎರಡು ಕೊಳವೆ. ನೀನು ಇಂಜಿನಿಯರು, ನಿನ್ಗೆ ಗೊತ್ತಿರ್ಬೇಕು."

ಸೋಮವಾರ ಟ್ರ್ಯಾಕ್ಟರು ಬರಲಿಲ್ಲ. ಹರ್ಷಿತಾ ಆಫೀಸಿಗೆ ಏನು ಹೇಳಿದಳೋ ಯಾರಿಗೂ ತಿಳಿಯಲಿಲ್ಲ. ರಾಮಾಂಜನೇಯನಿಗೆ ಮಾತ್ರ ಒಂದು ಆಜ್ಞೆಯಾಯಿತು. ಯಾವ ಸಾಲಿಗೆ ಕಾಲಿಡುವ ಮೊದಲೂ ನಿಂತು ಗಟ್ಟಿಯಾಗಿ ಕೆಮ್ಮಬೇಕು, ಕೆಮ್ಮಿ ಒಂದಿಷ್ಟು ತಡೆಯಬೇಕು. ಪಾಪ, ಅವನು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದನೆಂದರೆ ಅವನ ಹೆಂಡತಿ ಅವನನ್ನು ಕಫದ ಪರೀಕ್ಷೆಗೆ ಕರೆದುಕೊಂಡು ಹೋದಳು. ಆಮೇಲೆ ಒಂದು ದಿನ ಪ್ಲೇಟುಗಳಿದ್ದ ಹೊಲದ ಮೂಲೆಗೆ ತಗಡಿನ ಶೌಚಾಲಯವೂ ಬಂತು. ನೀರಿನ ಪೈಪು ಇನ್ನೂ ಬರಬೇಕು. ಅಲ್ಲಿಯವರೆಗೆ ಅದರೊಳಗೆ ಕುಡುಗೋಲು ಇಡುತ್ತಾರೆ.

ಗುಂಪಿನ ಮಾನ ಉಳಿಯಿತು. ಊರಿಗೆ ಗೊತ್ತಾದದ್ದು ಆಂಜಿನಮ್ಮನದು ಮಾತ್ರ. ಬೇರೆಯವರು ಹೇಳುವ ಮೊದಲೇ ಅವಳೇ ಹೇಳಿಕೊಂಡು ತಿರುಗಿದಳು. ಬಸ್ಸಿನಲ್ಲಿ, ಡೈರಿಯ ಹತ್ತಿರ, ಮದುವೆಯ ಪಂಕ್ತಿಯಲ್ಲಿ, "ನಾನೇ ಕಣ್ರಪ್ಪಾ ಆ ಹಾವು" ಎಂದು. ಉಳಿದವರ ಹೆಸರು ಆ ನಗುವಿನ ಹಿಂದೆ ಮರೆಯಾಗಿ ಉಳಿಯಿತು. ತೊಗರಿ ಸಾಲಿನ ಮರೆಯಂತೆ. ಚಿಕ್ಕಹನುಮಕ್ಕನ ಮಗಳ ಮದುವೆಯೂ ಆಯಿತು. ಆಂಜಿನಮ್ಮ ಕೊನೆಯವರೆಗೂ ದಿನಕ್ಕೆ ಮೂರು ಲೀಟರು ಕುಡಿದಳು. ಹೋದ ವರ್ಷ ಡಾಕ್ಟರಮ್ಮ ಕಿಡ್ನಿ ಹೊಸದರ ಹಾಗಿದೆ ಎಂದಿದ್ದರು. ಎದೆಯನ್ನು ಯಾರೂ ನೋಡಿರಲಿಲ್ಲ. ಅವಳೂ ಹೇಳಿರಲಿಲ್ಲ.

ಹನ್ನೊಂದನೆಯ ದಿನದ ತಿಥಿಗೆ ನಡುಮನೆಯಲ್ಲಿ ಎಡೆ ಇಟ್ಟರು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಲ್ಲಿ ಇಡುವುದು ಈ ಕಡೆಯ ಪದ್ಧತಿ. ಹೊಸ ಸೀರೆ, ಮುದ್ದೆ, ಅವರೆಕಾಳಿನ ಸಾರು, ಎಲೆ ಅಡಿಕೆ, ಕಜ್ಜಾಯ. ಎಲ್ಲ ಇಟ್ಟಾದ ಮೇಲೆ ಹುಲ್ಲಿನ ಗುಂಪಿನ ಹೆಂಗಸರು ಒಳಗೆ ಬಂದರು. ಚಿಕ್ಕಹನುಮಕ್ಕ ತುಂಬಿದ ನೀರಿನ ಕ್ಯಾನನ್ನು ಬಾಳೆಲೆಯ ಪಕ್ಕಕ್ಕೆ ಇಟ್ಟಳು. ಶಿವಲಕ್ಷ್ಮಿ ಹಿಂದಿನ ರಾತ್ರಿ ಹೇಗೋ ಹೊಲಿದು ಮುಗಿಸಿದ್ದ ಹೊಸ ಲಂಗವನ್ನು, ಕಪ್ಪು ಒಳಮೈ ಕಾಣುವಂತೆ ಮಡಚಿ, ಸೀರೆಯ ಮೇಲಿಟ್ಟಳು. ಹೊಲಿಗೆಗಳ ಮೇಲೆ ಮೇಣ ಉಜ್ಜುವುದನ್ನು ಮರೆತಿರಲಿಲ್ಲ.

ತಾವರೆಕೆರೆಯಿಂದ ಬಂದಿದ್ದ ಅಡವಯ್ಯ ಕಣ್ಣು ಕಿರಿದು ಮಾಡಿ ನೋಡಿದ. "ಇದೇನಮ್ಮಾ, ಛತ್ರಿ? ನನ್ ತಂಗಿಗೆ ಛತ್ರಿ ಯಾಕೆ?"

ಎಲ್ಲದಕ್ಕೂ ವಿವರಣೆ ಇಟ್ಟುಕೊಂಡಿರುವ ಶಿವಲಕ್ಷ್ಮಿ ಮಡಚಿದ ಲಂಗವನ್ನೇ ಮತ್ತೊಮ್ಮೆ ಮಡಚಿದಳು. ಹತ್ತಿಯ ಎಳೆ, ತಾವರೆ ಎಲೆ, ಯಾವುದೂ ನಾಲಿಗೆಗೆ ಬರಲಿಲ್ಲ.

"ದಾರಿಗೆ ಕಣಣ್ಣ. ದೂರದ ದಾರಿ, ಮರೆ ಐತೋ ಇಲ್ವೋ" ಎಂದಳು ಚಿಕ್ಕಹನುಮಕ್ಕ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು, ನಕ್ಕವರೇ ಅಳತೊಡಗಿದರು. ಬೊಮ್ಮಪ್ಪ ಕಂಬಕ್ಕೆ ಒರಗಿ ಮೇಲೆ ಉರಿಯುತ್ತಿದ್ದ ಬಲ್ಬನ್ನು ನೋಡುತ್ತಿದ್ದ.

ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಜಗುಲಿಯ ಮೇಲೆ ನಿಂತರು. ಬಿಸಿಲಿನಲ್ಲಿ ದೂರದ ಪ್ಲೇಟುಗಳು ಕೆರೆಯ ಹಾಗೆ ಹೊಳೆಯುತ್ತಿದ್ದವು. ಒಂದಿಷ್ಟು ಹೊತ್ತಾದ ಮೇಲೆ ಹಿರಿಯರೊಬ್ಬರು, "ಆಯ್ತು, ಬಾಗ್ಲು ತೆಗೀರಿ" ಎಂದರು.

ಬಾಗಿಲಿಗೆ ಹತ್ತಿರವಿದ್ದವನು ರಾಮಾಂಜನೇಯ. ಒಂದು ಹೆಜ್ಜೆ ಮುಂದಿಟ್ಟ, ಹೊಸಿಲಿನ ಹತ್ತಿರ ನಿಂತ, ಬಾಗಿಲಿಗೆ ಕೈ ಹಾಕುವ ಮೊದಲು ಗಟ್ಟಿಯಾಗಿ ಕೆಮ್ಮಿದ. ಕೆಮ್ಮಿ, ಒಂದಿಷ್ಟು ತಡೆದ.